ಡೋಣಿಯ ಸೀಮೆ: ಬೆಂಗಾಡೋ, ಕಣಜವೋ?

ವಿಜಾಪುರ ಸೀಮೆಯ ಹೆಸರು ಕೇಳಿದೊಡನೆ ದೂರದ ಜಿಲ್ಲೆಗಳ ಜನರು ಮನದಲ್ಲಿ ಒಂದು ಮರುಭೂಮಿಯನ್ನು ಚಿತ್ರಿಸಿಕೊಳ್ಳುವರು. ಗಿಡವಿಲ್ಲದ ಬಯಲು, ನೀರಿಲ್ಲದ ಹಳ್ಳ, ಬಾಯ್ದೆರೆದ ನೆಲ, ಗುಳೆ ಹೊರಟ ಬಂಡಿಗಳು, ಇಷ್ಟೇ ಆ ಚಿತ್ರದ ಸಾಮಗ್ರಿ. ವೈಶಾಖದ ಬಿಸಿಲಿನಲ್ಲಿ ತಾಳಿಕೋಟೆಯ ಬಳಿ ಡೋಣಿಯ ದಂಡೆಯ ಮೇಲೆ ನಿಂತು ನೋಡಿದವನಿಗೆ ಇದು ಸುಳ್ಳೆಂದು ತೋರಲಾರದು. ಆದರೆ ಅದೇ ಮನುಷ್ಯನು ಎಳ್ಳ ಅಮವಾಸ್ಯೆಯ ದಿವಸ ಚರಗ ಚೆಲ್ಲುವ ರೈತರ ಸಂಗಡ ಅದೇ ಹೊಲಕ್ಕೆ ಬಂದನಾದರೆ, ಆಳೆತ್ತರದ ಬಿಳಿಜೋಳದ ನಡುವೆ ತನ್ನ ಜತೆಯವರನ್ನೇ ಕಾಣದೆ ಹುಡುಕಬೇಕಾಗುವದು. ಒಂದೇ ನೆಲಕ್ಕೆ ಈ ಎರಡು ಮುಖಗಳಿವೆ. ಹೊರಗಿನವರು ಒಂದನ್ನೇ ಕಂಡು ಹೆಸರಿಟ್ಟರು. ಆ ಹೆಸರನ್ನು ನಾವೂ ನಂಬಿಬಿಟ್ಟೆವು. ಇತಿಹಾಸವು ಈ ವಿಷಯದಲ್ಲಿ ಏನು ಹೇಳುವದೆಂಬುದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಮರುಭೂಮಿಯೆಂಬ ಶಬ್ದಕ್ಕೆ ಭೂಗೋಲಶಾಸ್ತ್ರದಲ್ಲಿ ಒಂದು ಮಿತಿಯುಂಟು. ವರ್ಷಕ್ಕೆ ಸುಮಾರು 250 ಮಿಲಿಮೀಟರಿಗಿಂತ ಕಡಿಮೆ ಮಳೆಯುಳ್ಳ ನೆಲಕ್ಕೆ ಆ ಹೆಸರು ಸಲ್ಲುವದು. ರಾಜಸ್ಥಾನದ ಜೈಸಲಮೇರಿನಲ್ಲಿ ಬೀಳುವ ಮಳೆ 200ರ ಆಸುಪಾಸಿನದು. ನಮ್ಮ ಜಿಲ್ಲೆಯ ಸರಾಸರಿಯಾದರೋ 550 ಮಿಲಿಮೀಟರನ್ನು ಮೀರಿರುವದು. ಹಾಗಾದರೆ ಇಲ್ಲಿ ಕೊರತೆಯಾದದ್ದು ಮಳೆಯ ಪ್ರಮಾಣವಲ್ಲ, ಅದರ ನಂಬಿಕೆ. ಒಂದು ವರ್ಷ ಹಸ್ತಿ, ಚಿತ್ತಿಯ ಮಳೆಗಳು ಹದವಾಗಿ ಬಂದು ಕಣ ತುಂಬುವವು. ಮರುವರ್ಷ ಅವೇ ಮಳೆಗಳು ಮೋಡ ತೋರಿಸಿ ಹೋಗಿಬಿಡುವವು.

ಇಂಥ ಚಂಚಲ ಮಳೆಯನ್ನು ಹಿಡಿದಿಡುವ ಪಾತ್ರೆಯೇ ಎರೆಮಣ್ಣು. ಜಿಲ್ಲೆಯ ಬಹುಭಾಗದ ಕೆಳಗೆ, ಪುರಾತನ ಕಾಲದಲ್ಲಿ ಉಕ್ಕಿ ಹರಿದ ಶಿಲಾದ್ರವವು ಆರಿ ಆದ ಕಗ್ಗಲ್ಲಿನ ಹಾಸಿಗೆಯಿರುವದು. ಅದು ಸವೆದು ಈ ಕರಿಯ ಮಣ್ಣಾಯಿತು. ತಾಳಿಕೋಟೆಯ ಸುತ್ತು ಮಾತ್ರ ಸುಣ್ಣದ ಕಲ್ಲಿನ ಪದರುಗಳು ಹೊರಬಿದ್ದಿದ್ದು, ಹಾಸುಗಲ್ಲಿಗಾಗಿ ಊರು ಹೆಸರಾಗಿರುವದು. ಇನ್ನೂ ದಕ್ಷಿಣಕ್ಕೆ ಮುದ್ದೇಬಿಹಾಳದ ಕಡೆಗೆ ಕೆಂಪು ಛಾಯೆಯ ಕಣಶಿಲೆ ಕಾಣುವದು. ಎರೆಯು ನೀರು ಕುಡಿದಾಗ ಉಬ್ಬುವದು, ಒಣಗಿದಾಗ ಬಿರಿಯುವದು. ಬೇಸಿಗೆಯಲ್ಲಿ ಪರಸ್ಥಳದವರನ್ನು ಹೆದರಿಸುವ ಆ ಬಿರುಕುಗಳೇ ಮೊದಲ ಮಳೆಯ ನೀರನ್ನು ಆಳಕ್ಕೆ ಕರೆದೊಯ್ಯುವ ದಾರಿಗಳು. ಮಳೆ ಮುಗಿದ ಮೇಲೆ ರೈತನು ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿಮಾಡಿ ಬಿರುಕು ಮುಚ್ಚುವನು. ಒಳಗಿನ ತೇವವು ಒಳಗೇ ಉಳಿಯುವದು. ಹೀಗೆ ಆಶ್ವಿನದ ಮಳೆಯನ್ನು ನೆಲದಲ್ಲಿ ಕೂಡಿಟ್ಟು, ಪುಷ್ಯದ ಇಬ್ಬನಿಯಲ್ಲಿ ಜೋಳ, ಕಡಲೆ, ಕುಸುಬಿಗಳನ್ನು ಬೆಳೆಯುವದೇ ಇಲ್ಲಿಯ ಹಿಂಗಾರಿಯ ಮರ್ಮವು.

ಈ ಎರೆಯ ನಡುವೆ ಹರಿಯುವಳು ಡೋಣಿ. ಈಗ ಮಹಾರಾಷ್ಟ್ರದಲ್ಲಿರುವ ಜತ್ತ ಸೀಮೆಯಲ್ಲಿ ಹುಟ್ಟಿ, ವಿಜಾಪುರದ ನೆಲವನ್ನು ಹಾಯ್ದು, ತಾಳಿಕೋಟೆಯನ್ನು ದಾಟಿ ಕೃಷ್ಣೆಯನ್ನು ಕೂಡುವಳು. ನೀರು ಉಪ್ಪು, ಬೇಸಿಗೆಯಲ್ಲಿ ಬಾಯಿಗೆ ಹಾಕುವಂತಿಲ್ಲ. ಆದರೂ ಅವಳ ಕಣಿವೆಯ ಹೊಲಗಳಷ್ಟು ಹುಲುಸಾದವು ಈ ಪ್ರಾಂತದಲ್ಲಿ ವಿರಳ. ಡೋಣಿ ಬೆಳೆದರೆ ತಿಂದು ಮುಗಿಸುವವರಾರು, ಡೋಣಿ ಬೆಳೆಯದಿದ್ದರೆ ತಿನ್ನಲು ಸಿಗುವದಾರಿಗೆ ಎಂಬ ಅರ್ಥದ ಗಾದೆಯನ್ನು 1884ರ ಮುಂಬಯಿ ಗ್ಯಾಝೆಟಿಯರಿನವರು ಬರೆದಿಟ್ಟಿದ್ದಾರೆ. ಒಂದು ಸೀಮೆಯ ಸಂಪೂರ್ಣ ಚರಿತ್ರೆಯು ಈ ಎರಡು ಪ್ರಶ್ನೆಗಳಲ್ಲಿ ಅಡಗಿರುವದು. ಮೊದಲನೆಯ ಪ್ರಶ್ನೆಗೆ ಪ್ರಾಚೀನ ಕಾಲವು ಉತ್ತರ ಕೊಟ್ಟಿದೆ. ಎರಡನೆಯದು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಬಂದು ನಿಂತಿತು.

ಇಂಡಿ ತಾಲೂಕಿನ ಸಾಲೋಟಗಿಯಲ್ಲಿ 945ರ ಒಂದು ಶಾಸನವಿರುವದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದ್ದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳು, ಅವರ ನಿರ್ವಾಹಕ್ಕೆ ಭೂಮಿ, ರಾತ್ರಿಯ ದೀಪಕ್ಕೆಂದು ಪ್ರತ್ಯೇಕ ಭೂಮಿ ದತ್ತಿಯಾಗಿ ಬಿಡಲ್ಪಟ್ಟವು. ಪರದೇಶದ ಹುಡುಗರಿಗೆ ಅನ್ನವಿಕ್ಕಿ, ಓದಲು ಎಣ್ಣೆ ಕೊಡುವ ನೆಲವನ್ನು ಬೆಂಗಾಡೆನ್ನಬಹುದೆ? ಇಪ್ಪತ್ತು ವರುಷಗಳ ತರುವಾಯ, 965ರಲ್ಲಿ, ಇದೇ ಭಾಗವನ್ನೊಳಗೊಂಡ ತರ್ದವಾಡಿ ಸಾಸಿರವನ್ನು ಚಾಲುಕ್ಯವಂಶದ ತೈಲಪನು ಅದೇ ಕೃಷ್ಣನಿಂದ ಅಣುಗಜೀವಿತವಾಗಿ ಪಡೆದು ಆಳುತ್ತಿದ್ದನೆಂದು ಬಾಗೇವಾಡಿ ತಾಲೂಕಿನ ನರಸಲಗಿಯ ಶಾಸನವು ತಿಳಿಸುವದು. 973ರಲ್ಲಿ ಆ ತೈಲಪನೇ ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯರ ಸಿಂಹಾಸನವನ್ನು ಮತ್ತೆ ಎತ್ತಿ ನಿಲ್ಲಿಸಿದನು. ಒಂದು ಸಾಮ್ರಾಜ್ಯವನ್ನು ಗೆದ್ದುಕೊಳ್ಳುವಷ್ಟು ದಂಡನ್ನು ಸಾಕಿದ ಸಾಮಂತನ ಕಾಲೂರಿದ ನೆಲ ಇದು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರನ್ನು ಹೆತ್ತ ಬಾಗೇವಾಡಿಯೂ ಇದೇ ಸೀಮೆಯ ಅಗ್ರಹಾರ.

ತಾಳಿಕೋಟೆಯ ಹೆಸರನ್ನು ಪ್ರಪಂಚಕ್ಕೆ ಪರಿಚಯಿಸಿದ ಯುದ್ಧದ ಮಾತನ್ನೂ ಇಲ್ಲಿ ಆಡಬೇಕು. 1565ರ ಜನವರಿಯ ಆ ಕದನವು ನಡೆದದ್ದು ತಾಳಿಕೋಟೆಯಲ್ಲಲ್ಲ, ಕೃಷ್ಣೆಯ ದಕ್ಷಿಣಕ್ಕೆ. ರಕ್ಕಸಗಿ-ತಂಗಡಗಿಯೆಂಬ ಹೆಸರೂ ಅದಕ್ಕೆ ಬಂದಿರುವದು. ತಾಳಿಕೋಟೆಗೆ ಸಲ್ಲುವದು ಬೇರೊಂದು ಸಂಗತಿ. 1564ರ ಡಿಸೆಂಬರದ ಕೊನೆಗೆ ವಿಜಾಪುರ, ಅಹಮದನಗರ, ಗೋವಳಕೊಂಡ, ಬೀದರಗಳ ಸುಲ್ತಾನರ ಸೈನ್ಯಗಳು ಒಟ್ಟುಗೂಡಿ ಬೀಡುಬಿಟ್ಟದ್ದು ಇಲ್ಲಿ. ಹೊಳೆ ದಾಟುವ ಸ್ಥಳಗಳ ಸಾಮೀಪ್ಯವು ಇದಕ್ಕೆ ಒಂದು ಕಾರಣವೆಂಬುದು ಸ್ಪಷ್ಟ. ಆದರೆ ಕಾಲವನ್ನೂ ನೋಡಿರಿ: ಹಿಂಗಾರಿ ಜೋಳವು ಹೊಲ ತುಂಬಿ ನಿಂತಿರುವ ಕಾಲವದು. ಅಷ್ಟೊಂದು ಆಳು, ಆನೆ, ಕುದುರೆಗಳನ್ನು ಕಾಳೂ ಮೇವೂ ಇಲ್ಲದ ಬಯಲಿಗೆ ಯಾವ ಸೇನಾಪತಿಯೂ ತಂದು ನಿಲ್ಲಿಸಲಾರನು. ಡೋಣಿಯ ಬೆಳೆಯೂ ಆ ಲೆಕ್ಕಾಚಾರದಲ್ಲಿ ಸೇರಿದ್ದಿತೆಂದು ಊಹಿಸುವದು ತಪ್ಪಾಗಲಾರದು. ಆ ವರ್ಷದ ರಾಶಿಯಲ್ಲಿ ಇಲ್ಲಿಯ ರೈತನ ಮನೆಗೆ ಎಷ್ಟು ಬಂದೀತೆಂಬುದನ್ನು ಮಾತ್ರ ಯಾವ ತವಾರೀಖಕಾರನೂ ಬರೆದಿಡಲಿಲ್ಲ.

ಇನ್ನು ಇಲ್ಲಿಯ ಜನ. ಮಳೆಯನ್ನು ನಂಬಲಾಗದ ನಾಡಿನಲ್ಲಿ ಒಂದೇ ಕಸುಬನ್ನು ನಂಬಿದವನು ಕೆಡುವನು. ಒಬ್ಬರ ಬಾಳು ಮತ್ತೊಬ್ಬರ ಬಾಳಿಗೆ ಆಸರೆಯಾಗಿ ಹೆಣೆದುಕೊಂಡದ್ದು ಹೀಗೆ. ಎರೆಯ ರೈತನು ಜೋಳ ಬೆಳೆದನು. ಕುರುಬನು ಕುರಿಹಿಂಡಿನೊಡನೆ ಮಳೆಯ ಜಾಡು ಹಿಡಿದು ನಡೆದು, ಕೊಯ್ಲಾದ ಹೊಲದಲ್ಲಿ ಹಿಂಡು ತರುಬಿ ಗೊಬ್ಬರ ಕೊಟ್ಟು ಕಾಳು ಪಡೆದನು. ಅವನ ಕಂಬಳಿಯೇ ರೈತನಿಗೆ ಕೊಡೆ, ಹಾಸಿಗೆ. ವಡ್ಡರು ಒಡ್ಡು ಕಟ್ಟಿ, ಬಾವಿ ತೋಡಿ ನೀರು ನಿಲ್ಲಿಸಿದರು. ಉಪ್ಪಾರರ ಹೆಸರೇ ಅವರ ಮೂಲವೃತ್ತಿಯನ್ನು ಸಾರುವದು. ಲಂಬಾಣಿಗಳು ಎತ್ತುಗಳ ಮೇಲೆ ಹೇರು ಹೊರಿಸಿ ಕಾಳುಳ್ಳ ಸೀಮೆಯಿಂದ ಕಾಳಿಲ್ಲದ ಸೀಮೆಗೆ ಸಾಗಿಸಿದರು. ಮೊಗಲರ ದಂಡುಗಳು ಸಹ ದಕ್ಷಿಣದಲ್ಲಿ ಅವರನ್ನೇ ಆಶ್ರಯಿಸಿದ್ದವು. ಗಡಿಯಾಚೆ ಸುರಪುರದ ಬೇಡರು ತಮ್ಮದೇ ಸಂಸ್ಥಾನ ಕಟ್ಟಿಕೊಂಡಿದ್ದರು.

ಈ ಸಮಸ್ತರ ಜೀವನಕ್ಕೆ ತಳಹದಿಯಾಗಿದ್ದುದು ಕಣ್ಣಿಗೆ ಕಾಣದ ಒಂದು ಕಟ್ಟಡ, ಹಗೇವು. ಗಟ್ಟಿ ನೆಲ ನೋಡಿ ಬಾವಿಯಂತೆ ಅಗಿದು, ತಳಕ್ಕೂ ಗೋಡೆಗೂ ಹುಲ್ಲು, ಹೊಟ್ಟು ಒತ್ತಿ, ಜೋಳ ತುಂಬಿ ಬಾಯಿಗೆ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆಗೆಯುವಾಗ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯ್ದು, ದೀಪವಿಳಿಸಿ ಪರೀಕ್ಷಿಸಿ, ಆಮೇಲೆ ಆಳನ್ನು ಇಳಿಸುತ್ತಿದ್ದರು. ಎರೆಯು ಒಂದು ಮಳೆಯನ್ನು ನಾಲ್ಕು ತಿಂಗಳು ಕಾಯ್ದಿಟ್ಟಂತೆ, ಹಗೇವು ಒಂದು ಸುಗ್ಗಿಯನ್ನು ನಾಲ್ಕು ವರ್ಷ ಕಾಯ್ದಿಡುತ್ತಿತ್ತು. ಗಾದೆಯ ಎರಡನೆಯ ಪ್ರಶ್ನೆಗೆ ಹಿರಿಯರು ಕಂಡುಕೊಂಡ ಉತ್ತರವಿದು.

ಆ ಉತ್ತರವೂ ಸಾಲದ ಕಾಲಗಳು ಬಂದವು. 1791–92ರ ಬರದಲ್ಲಿ ಹೂಳುವವರಿಲ್ಲದ ಹೆಣಗಳ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಅದಕ್ಕೆ ಬುರುಡೆಯ ಬರವೆಂದೇ ಹೆಸರಾಯಿತು. 1876–78ರದು ಇನ್ನೂ ಸ್ಪಷ್ಟವಾಗಿ ಲೆಕ್ಕಕ್ಕೆ ಸಿಕ್ಕಿರುವದು. ಆಗ ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ನಮ್ಮ ಪ್ರಾಂತದಲ್ಲಿ 1872ರ ಖಾನೇಸುಮಾರಿಯ ಪ್ರಕಾರ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1881ರಲ್ಲಿ ಎಣಿಸಿದಾಗ 6 ಲಕ್ಷ 38 ಸಾವಿರವೇ ಉಳಿದಿದ್ದರು. ಸತ್ತವರೂ ಗುಳೆ ಹೋದವರೂ ಕೂಡಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಜನ ಮಾಯವಾಗಿದ್ದರು.

ಇದಕ್ಕೆ ಆಕಾಶವೊಂದೇ ಹೊಣೆಯೆ? ನಗದು ರೂಪದ ಕಂದಾಯದ ಕಿಸ್ತಿಗೂ ಸಾವಕಾರನ ಬಾಕಿಗೂ ರೈತನು ಕಣದಲ್ಲಿಯೇ ಕಾಳು ಮಾರಬೇಕಾಗಿದ್ದಿತು. ಹಗೇವು ತುಂಬಿದ್ದು ಕೆಲವರದು, ಬರಿದಾದದ್ದು ಬಹಳರದು. ರೈಲು ಇನ್ನೂ ಬಂದಿರಲಿಲ್ಲ. ಮೇವಿಲ್ಲದೆ ಎತ್ತು ಬಿದ್ದ ಮೇಲೆ ಬಂಡಿಯೂ ಲಂಬಾಣಿಯ ಹೇರೂ ನಿಂತವು. 1877ರ ಆರಂಭದಲ್ಲಿ ಭಾರತ ಸರಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲರು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯಕ್ಕೂ ಅಲ್ಪ ಹಣಕ್ಕೂ ಇಳಿಸಿದರು. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಜನ ಕೆಲಸ ಬಿಟ್ಟು ಹೊರಟರು. ಬರದಲ್ಲಿ ಕಾಳಿಗಿಂತ ಮೊದಲು ತೀರುವದು ಬಡವನ ಕೂಲಿಯೆಂಬ ಸತ್ಯವನ್ನು 1880ರ ಕ್ಷಾಮ ಆಯೋಗವೂ ಒಪ್ಪಿಕೊಳ್ಳಬೇಕಾಯಿತು. ಹೊಟಗಿಯಿಂದ ಗದಗಿಗೆ ವಿಜಾಪುರದ ಮೇಲೆ ಹಾಯುವ ರೈಲು ಬಂದದ್ದು 1884ರಲ್ಲಿ, ಸತ್ತವರ ಪಾಲಿಗೆ ಬಹಳ ತಡವಾಗಿ.

ಮುಂದಿನ ಅಂಕಿಯನ್ನು ವಾಚಕರು ಗಮನಿಸಬೇಕು. 1891ರಲ್ಲಿ ಇದೇ ಜಿಲ್ಲೆಯ ಜನಸಂಖ್ಯೆ 7 ಲಕ್ಷ 96 ಸಾವಿರ! ಹೋದವರು ಮರಳಿ ಬಂದರು, ಬಿದ್ದ ಮನೆಗಳೆದ್ದವು. ಮರುಭೂಮಿಗೆ ಯಾರೂ ಹೀಗೆ ಮರಳಿ ಬರುವದಿಲ್ಲ. ನೆಲ ಸತ್ತಿರಲಿಲ್ಲ, ಒಳ್ಳೆಯ ವರ್ಷವನ್ನು ಕೆಟ್ಟ ವರ್ಷಕ್ಕೆ ದಾಟಿಸುವ ಸೇತುವೆ ಮುರಿದಿದ್ದಿತು, ಅಷ್ಟೇ.

ಈ ವಿವೇಕವು ಇಂದಿಗೂ ಅವಶ್ಯವಾಗಿರುವದು. 1930ರ ದಶಕದಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವು ಏರ್ಪಟ್ಟು, ಒಡ್ಡು, ಮಾಗಿಯ ಉಳುಮೆ, ತೇವರಕ್ಷಣೆಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿತು. ರೈತನ ಹಳೆಯ ಅನುಭವಕ್ಕೆ ಅಳತೆಗೋಲು ದೊರೆಯಿತು. ಆಲಮಟ್ಟಿ, ನಾರಾಯಣಪುರಗಳ ಆಣೆಕಟ್ಟುಗಳಿಂದ ಕೃಷ್ಣೆಯ ನೀರು ಈಗ ಇಂಡಿಯವರೆಗೂ ಕಾಲುವೆಯಲ್ಲಿ ಹರಿದಿರುವದು. ಇದು ಸಂತೋಷದ ಸಂಗತಿ. ಆದರೆ ನಮ್ಮದು ಬೆಂಗಾಡು, ನೀರೊಂದೇ ಮದ್ದು ಎಂದು ಬಗೆದು ಎರೆಗೆ ಮಿತಿಮೀರಿ ಹಾಯಿಸಿದರೆ, ಬಸಿಯಲು ದಾರಿಯಿಲ್ಲದ ನೀರು ಆಳದ ಉಪ್ಪನ್ನು ಮೇಲಕ್ಕೆ ತಂದು ಹೊಲವನ್ನು ಸವಳು ಮಾಡುವದು. ಆಗ ಇಲ್ಲದ ಮರುಭೂಮಿಯನ್ನು ನಾವೇ ಕೈಯಾರೆ ಮಾಡಿದಂತಾಗುವದು. ಉಪ್ಪುನೀರಿನ ಡೋಣಿಯು ಶತಮಾನಗಳಿಂದ ಈ ಮಾತನ್ನೇ ಎಚ್ಚರಿಸುತ್ತಿರುವಳು.

ಹಗೇವುಗಳು ಈಗ ಬಹುತೇಕ ಮುಚ್ಚಿಹೋಗಿವೆ. ಅವುಗಳನ್ನು ಮತ್ತೆ ತೋಡಿರೆಂದು ನಾವು ಹೇಳುವದಿಲ್ಲ. ಆದರೆ ಸುಗ್ಗಿಯ ದಿನವೇ ಬರದ ದಿನವನ್ನು ನೆನೆಯುತ್ತಿದ್ದ ಆ ಬುದ್ಧಿಯು ಮುಚ್ಚಿಹೋಗಬಾರದು. ನಮ್ಮ ಮಕ್ಕಳು ತಮ್ಮ ನಾಡನ್ನು ಬೆಂಗಾಡೆಂದು ನಾಚಿಕೊಳ್ಳದೆ, ಕಣಜವೆಂದು ಮೈಮರೆಯದೆ, ಅದರ ಎರಡೂ ಮುಖಗಳನ್ನು ಅರಿತು ಬಾಳುವದನ್ನು ಕಲಿತರೆ ಸಾಕು. ಸಾಲೋಟಗಿಯಲ್ಲಿ ದೀಪಕ್ಕೆ ಭೂಮಿ ಬಿಟ್ಟವರೂ ಇದೇ ಎರೆಯ ಮೇಲೆ, ಇದೇ ನಂಬಲಾಗದ ಮಳೆಯ ಕೆಳಗೆ ಬಾಳಿದವರು.