ಬೀದರಿಗೂ ಒಂದು ಕಡಲಿತ್ತು

ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಎದುರಿನ ನೀರಿನಲ್ಲಿ ಬಿಳಿ ಬಣ್ಣದ ಖಾಸಗಿ ಯಾಟ್‌ಗಳು ತೇಲುತ್ತ ನಿಂತಿರುತ್ತವೆ. ಗಂಟೆ ಲೆಕ್ಕದಲ್ಲಿ ಬಾಡಿಗೆ. ಹುಟ್ಟುಹಬ್ಬಕ್ಕೋ ಮದುವೆಯ ವಾರ್ಷಿಕೋತ್ಸವಕ್ಕೋ ಹಣವಿದ್ದವರು ಇಡೀ ದೋಣಿ ಹಿಡಿದು, ಸಂಜೆ ಬೆಳಕಿನಲ್ಲಿ ನಗರದ ದಂಡೆಯನ್ನು ನೀರಿನ ಕಡೆಯಿಂದ ನೋಡಿ ಬರುತ್ತಾರೆ. ಬೀದರಿನಿಂದ ರೈಲು ಹತ್ತಿ ಮುಂಬೈಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಹೋಗುವುದು ಕೆಲಸ ಹುಡುಕಿಕೊಂಡು, ಇಲ್ಲವೇ ದವಾಖಾನೆಗೆ. ಬಿಡುವಾದರೆ ಗೇಟ್‌ವೇ ಕಟ್ಟೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇನ್ನೂ ಬಿಡುವಿದ್ದರೆ ಎಲಿಫೆಂಟಾಕ್ಕೋ ಮಾಂಡವಾಕ್ಕೋ ಹೋಗುವ ಸಾಮಾನ್ಯ ಲಾಂಚ್ ಹತ್ತುತ್ತಾರೆ. ಕಡಲು ನಮ್ಮದಲ್ಲ, ಅದು ಊರಿಗೆ ಬಂದ ನೆಂಟರು ನೋಡಿ ಹೋಗುವ ಸಂಗತಿ ಎಂಬ ಭಾವನೆ ನಮ್ಮೊಳಗೆ ಕೂತುಬಿಟ್ಟಿದೆ.

ಆದರೆ ಆ ದಂಡೆಯ ಒಂದು ದೊಡ್ಡ ಭಾಗದ ಆಡಳಿತ ಒಂದು ಕಾಲಕ್ಕೆ ನಮ್ಮ ಬೀದರ್ ಕೋಟೆಯಿಂದ ನಡೆಯುತ್ತಿತ್ತು. ಬಹಮನಿ ಸುಲ್ತಾನ ಅಹ್ಮದ್ ಷಾ (1422–1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಆ ರಾಜ್ಯಕ್ಕೆ ಕೊಂಕಣ ಕರಾವಳಿಯಲ್ಲಿ ಎರಡು ಮುಖ್ಯ ಬಾಗಿಲುಗಳಿದ್ದವು: ಇಂದಿನ ಅಲಿಬಾಗ್ ಹತ್ತಿರದ ಚೌಲ್, ಇಂದಿನ ರತ್ನಾಗಿರಿ ಜಿಲ್ಲೆಯ ದಾಭೋಳ. 1472ರಲ್ಲಿ ಗೋವಾ ಮೂರನೆಯದಾಯಿತು. ಯಾಟ್‌ಗಳು ಸುತ್ತುವ ಮುಂಬೈ ದ್ವೀಪಗಳಿಗೂ ಬೀದರಿನ ದಂಡು ಹೋಗಿ ಬಂದಿದೆ. 1430ರ ಆಸುಪಾಸಿನಲ್ಲಿ ಅಹ್ಮದ್ ಷಾನ ಸರದಾರ ಖಲಫ್ ಹಸನ್ ಮಾಹಿಮ್ ಹಿಡಿದ. ಗುಜರಾತಿನ ಸುಲ್ತಾನ ಹಡಗು, ಸೈನ್ಯ ಎರಡನ್ನೂ ಕಳಿಸಿ ಅದನ್ನು ಕಿತ್ತುಕೊಂಡ. ಅಲ್ಲಿಂದ ಉತ್ತರಕ್ಕೆ ಬಹಮನಿಗಳ ಕೈ ಚಾಚಲಿಲ್ಲ, ದಕ್ಷಿಣಕ್ಕೆ ಚಾಚಿತು.

ಕಡಲಿನಿಂದ ಇಷ್ಟು ದೂರದ ಎತ್ತರದ ಬಯಲಿನಲ್ಲಿ ಕೂತ ಸುಲ್ತಾನರಿಗೆ ಬಂದರು ಏಕೆ ಬೇಕಿತ್ತು? ಮುಖ್ಯ ಉತ್ತರ ಕುದುರೆ. ಅಂದಿನ ಯುದ್ಧ ಗೆಲ್ಲಲು ಅಶ್ವದಳ ಬೇಕು. ದಖನ್ನಿನ ಹವೆ, ಮೇವುಗಳಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಸುವುದು ಕಷ್ಟ. ಅರಬಸ್ತಾನ, ಪರ್ಷಿಯಾಗಳಿಂದ ಹಡಗಿನಲ್ಲೇ ತರಿಸಬೇಕು. ಎದುರಾಳಿ ವಿಜಯನಗರಕ್ಕೂ ಅದೇ ಗತಿ. ಅವರ ಕುದುರೆ ಗೋವಾ, ಹೊನ್ನಾವರ, ಭಟ್ಕಳಗಳಲ್ಲಿ ಇಳಿಯುತ್ತಿದ್ದವು. ಹೀಗಾಗಿ ಬೀದರ್–ಹಂಪಿ ಜಗಳ ರಾಯಚೂರು ದೋಆಬಿನ ಹೊಲಗಳಲ್ಲಿ ನಡೆದಷ್ಟೇ ಕರಾವಳಿಯ ಬಂದರುಗಳಿಗಾಗಿಯೂ ನಡೆಯಿತು. ನಮ್ಮ ಶಾಲೆಯ ಪುಸ್ತಕಗಳು ಮೊದಲನೆಯದನ್ನು ಹೇಳುತ್ತವೆ, ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ.

ಆ ಕಡಲ ದಾರಿಯಲ್ಲಿ ಸ್ವಂತ ಖರ್ಚಿನಲ್ಲಿ ಬಂದು, ಕಂಡದ್ದನ್ನು ಬರೆದಿಟ್ಟವನೊಬ್ಬ ರಷ್ಯಾದ ವ್ಯಾಪಾರಿ. ವೋಲ್ಗಾ ನದಿ ದಂಡೆಯ ತ್ವೆರ್ ಪಟ್ಟಣದ ಅಫನಾಸಿ ನಿಕಿತಿನ್. ಅವನು ನಮ್ಮ ಕಡೆ ಬಂದದ್ದು 1470ರ ಆಸುಪಾಸು. ಅಂದರೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಸುಮಾರು ಕಾಲು ಶತಮಾನ ಮೊದಲು. ಅವನಿಗೆ ರಾಜನ ಹಡಗಿರಲಿಲ್ಲ, ಬೆನ್ನಿಗೆ ಕಂಪನಿಯಿರಲಿಲ್ಲ. ಅಸ್ತ್ರಾಖಾನ್ ಹತ್ತಿರ ಅವನ ಸರಕು ಲೂಟಿಯಾಯಿತು. ಬರಿಗೈಯಲ್ಲಿ ಊರಿಗೆ ಮರಳಿದರೆ ಸಾಲಗಾರರ ಕಾಟ. ಅದಕ್ಕೇ ಮುಂದೆ ಮುಂದೆ ನಡೆದು, ಕ್ಯಾಸ್ಪಿಯನ್ ದಾಟಿ, ಪರ್ಷಿಯಾ ಹಾಯ್ದು ಹೊರ್ಮುಜ್ ಬಂದರಿಗೆ ಬಂದ. ಅಲ್ಲಿಂದ ಹಡಗು ಹತ್ತುವಾಗ ಅವನ ಇಡೀ ಬಂಡವಾಳ ಒಂದೇ ಒಂದು ಗಂಡು ಕುದುರೆ.

ಆ ಹಡಗಿನ ಪ್ರಯಾಣವನ್ನು ಇಂದಿನ ವಿಹಾರದ ಯಾಟ್ ಜೊತೆ ಹೋಲಿಸಿದರೆ ನಗು ಬರುತ್ತದೆ. ಹೊರ್ಮುಜಿನ ಹಡಗುಗಳನ್ನು ಮೊಳೆ ಹೊಡೆದು ಕಟ್ಟುತ್ತಿರಲಿಲ್ಲ. ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಸರಕು ತುಂಬಿ ಮೇಲೆ ಚರ್ಮ ಹೊದಿಸಿ, ಅದರ ಮೇಲೆ ಕುದುರೆ ನಿಲ್ಲಿಸುತ್ತಾರೆ ಎಂದು ನಿಕಿತಿನ್‌ಗಿಂತ ಇನ್ನೂರು ವರ್ಷ ಮೊದಲೇ ಮಾರ್ಕೊ ಪೋಲೊ ಬರೆದಿದ್ದ. ಅಂಥ ಹಡಗಿನಲ್ಲಿ ಮಸ್ಕತ್, ಗುಜರಾತ್, ಖಂಬಾತ್ ದಾಟಿ ಚೌಲ್ ಮುಟ್ಟುವ ಹೊತ್ತಿಗೆ ಆರು ವಾರ ಕಳೆದಿತ್ತು. ಬೀದರ್ ರಾಜ್ಯದ ಮೊದಲ ನೋಟ ಅವನಿಗೆ ಸಿಕ್ಕಿದ್ದು ಕೋಟೆಯ ಬುರುಜಿನಿಂದಲ್ಲ, ಚೌಲಿನ ದಂಡೆಯಿಂದ.

ಅಲ್ಲಿಂದ ಘಟ್ಟ ಹತ್ತಿ ಜುನ್ನರಿಗೆ ಬಂದಾಗ ಮಳೆಗಾಲ. ಹಗಲು ರಾತ್ರಿ ನೀರು, ಕೆಸರು. ನಾಲ್ಕು ತಿಂಗಳು ಜನ ಅಲುಗಾಡುವ ಹಾಗಿಲ್ಲ. ಈ ಜನ ಮಳೆಯಲ್ಲೇ ಉತ್ತು ಬಿತ್ತುತ್ತಾರೆ ಎಂಬುದು ಹಿಮದ ನಾಡಿನ ಅವನಿಗೆ ಸೋಜಿಗ. ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದೂ ಬರೆದ. ಕಡಲೆ, ತೊಗರಿಯ ನಾಡಿನವರಾದ ನಮಗೆ ಈ ಸಾಲು ಓದಿದರೆ ಲೆಕ್ಕ ತಟ್ಟನೆ ಹೊಳೆಯುತ್ತದೆ: ಕುದುರೆ ಕಡಲಿನಿಂದ ಬಂತು, ಅದರ ಹೊಟ್ಟೆ ತುಂಬಿಸಿದ್ದು ಒಳನಾಡಿನ ಹೊಲ.

ಜುನ್ನರಿನ ಅಧಿಕಾರಿ ಅಸದ್ ಖಾನ್ ಆ ಕುದುರೆಯನ್ನು ಕಿತ್ತುಕೊಂಡ. ಧರ್ಮ ಬದಲಿಸಿದರೆ ಕುದುರೆಯನ್ನೂ ಸಾವಿರ ಹೊನ್ನನ್ನೂ ಕೊಡುತ್ತೇನೆ ಎಂದ. ಖುರಾಸಾನಿನ ಖ್ವಾಜಾ ಮುಹಮ್ಮದ್ ಎಂಬಾತ ನಡುವೆ ಬಂದು ಮಾತಾಡಿ ಕುದುರೆ ಬಿಡಿಸಿಕೊಟ್ಟ. ನಿಕಿತಿನ್ ಅದನ್ನು ಬೀದರಿನವರೆಗೂ ತಂದು, ಕೊನೆಗೆ ಇಲ್ಲೇ ಮಾರಿದ. ಆಳಂದದ ದರ್ಗಾ ಜಾತ್ರೆಯನ್ನೂ ಅವನು ದಾಖಲಿಸಿದ್ದಾನೆ. ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಆ ಪೇಟೆಗೆ 20,000 ಕುದುರೆ ಮಾರಾಟಕ್ಕೆ ಬರುತ್ತವೆ ಎನ್ನುವುದು ಅವನ ಲೆಕ್ಕ. ಅಂಕಿಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಬಹುದು. ಆದರೆ ಕಡಲಿನ ಸರಕು ಕಲಬುರಗಿ–ಬೀದರ್ ನಡುವಿನ ಒಂದು ಹಳ್ಳಿ ಜಾತ್ರೆಯನ್ನು ಕುದುರೆ ಪೇಟೆಯಾಗಿಸಿತ್ತು ಎಂಬುದರಲ್ಲಿ ಅನುಮಾನ ಬೇಡ.

ಬೀದರಿನಲ್ಲಿ ಅವನು ಕಂಡದ್ದು ಏಳು ಬಾಗಿಲ ಅರಮನೆ. ಬಾಗಿಲಿಗೆ ನೂರು ಕಾವಲುಗಾರರು, ನೂರು ಗುಮಾಸ್ತರು. ಬಂದವರು ಯಾರು, ಹೋದವರು ಯಾರು ಎಂದು ಬರೆದುಕೊಳ್ಳುವುದೇ ಅವರ ಕೆಲಸ. ಆ ಅರಮನೆಯ ಹಿಂದಿನ ನಿಜವಾದ ಶಕ್ತಿ ಯಾರು ಎಂಬುದನ್ನೂ ಅವನು ಗುರುತಿಸಿದ. ಅವನು ‘ಮೆಲಿಕ್ತುಚಾರ್’ ಎಂದು ಬರೆದ ಆ ವ್ಯಕ್ತಿ ನಮ್ಮ ಮಹಮೂದ್ ಗವಾನ್. ಮಲಿಕ್‌–ಉತ್‌–ತುಜ್ಜಾರ್, ಅಂದರೆ ವರ್ತಕರ ಒಡೆಯ ಎಂಬ ಬಿರುದಿನ ವಜೀರ.

ಗವಾನ್ ಕೂಡ ಕಡಲಿನಿಂದಲೇ ಬಂದವನು. ಕ್ಯಾಸ್ಪಿಯನ್ ದಂಡೆಯ ಗಿಲಾನಿನಲ್ಲಿ ಹುಟ್ಟಿ, ವ್ಯಾಪಾರ ಮಾಡುತ್ತ 1453ರಲ್ಲಿ ದಾಭೋಳದಲ್ಲಿ ಇಳಿದು ಬೀದರಿಗೆ ಬಂದ. ಹಡಗಿನ ವ್ಯಾಪಾರಿಯ ಕಣ್ಣಿನಿಂದ ರಾಜ್ಯ ನೋಡಿದವನಿಗೆ ಬಂದರಿನ ಬೆಲೆ ಗೊತ್ತು. ಕೊಂಕಣದ ನಾಯಕರ ದೋಣಿಗಳು ವ್ಯಾಪಾರಿಗಳನ್ನು, ಹಜ್ ಯಾತ್ರಿಕರನ್ನು ಲೂಟಿ ಮಾಡುತ್ತಿದ್ದಾಗ 1469ರಲ್ಲಿ ತಾನೇ ದಂಡು ತೆಗೆದುಕೊಂಡು ಘಟ್ಟ ಇಳಿದ. ಕಾಡು, ಮಳೆ, ಕೋಟೆ, ಮತ್ತೆ ಮಳೆ. ಮೂರು ವರ್ಷದ ಕೊನೆಗೆ, 1472ರ ಫೆಬ್ರುವರಿಯಲ್ಲಿ ವಿಜಯನಗರದ ಕೈಯಿಂದ ಗೋವಾ ಬಂದರು ಕಿತ್ತುಕೊಂಡ. ಬೀದರಿನ ಮದ್ರಸಾ ಮುಗಿದದ್ದೂ ಅದೇ 1472ರಲ್ಲಿ. ನಾವು ಈ ಎರಡನ್ನೂ ಬೇರೆ ಬೇರೆ ಪಾಠಗಳಲ್ಲಿ ಓದುತ್ತೇವೆ. ಒಟ್ಟಿಗೆ ಓದಬೇಕು. ಮೂರಂತಸ್ತಿನ ಆ ಕಟ್ಟಡ, ಬಣ್ಣದ ಹೆಂಚು, ಪರ್ಷಿಯಾ ಶೈಲಿಯ ಮಿನಾರು ಎಲ್ಲವೂ ಕಡಲ ದಾರಿ ತೆರೆದಿದ್ದ ಕಾಲದ ಗುರುತು.

ಇಂಥ ಗುರುತು ನಮ್ಮೂರಲ್ಲಿ ಇನ್ನೂ ಇವೆ. ಹಬ್ಶಿ ಕೋಟ್ ಎಂಬ ಗುಡ್ಡದ ಹೆಸರು ಆಫ್ರಿಕಾದಿಂದ ಕಡಲು ದಾಟಿ ಬಂದ ಹಬ್ಶಿಗಳದ್ದು. ಅಷ್ಟೂರಿನ ದಾರಿಯ ಚೌಖಂಡಿ ಇರಾನಿನ ಕಿರ್ಮಾನಿನಿಂದ ಬಂದ ಸಂತನ ಗೋರಿ. ಗೋರನಳ್ಳಿಯ ಹತ್ತಿರ ಗವಾನನ ಸಮಾಧಿ ಇದೆ.

ಆ ಸಮಾಧಿಯಿಂದಲೇ ನಮ್ಮ ಕಡಲು ದೂರ ಸರಿಯಿತು ಎನ್ನಬಹುದು. ಸ್ಥಳೀಯ ದಖನಿ ಸರದಾರರಿಗೂ ಹೊರಗಿನಿಂದ ಬಂದ ಅಫಾಕಿಗಳಿಗೂ ಹಳೆಯ ಹಗೆ. ಗವಾನನ ಮೊಹರು ಒತ್ತಿದ ಸುಳ್ಳು ಪತ್ರ ತೋರಿಸಿ ಅವನನ್ನು ದ್ರೋಹಿ ಎಂದರು. 1481ರ ಏಪ್ರಿಲ್‌ನಲ್ಲಿ ಸುಲ್ತಾನ ಮೂರನೇ ಮುಹಮ್ಮದ್ ಷಾ ಅವನ ತಲೆ ತೆಗೆಸಿದ. ಸತ್ಯ ತಿಳಿದು ಪರಿತಪಿಸಿದ ಸುಲ್ತಾನನೂ ಮುಂದಿನ ವರ್ಷ ಸತ್ತ. ಪ್ರಾಂತಾಧಿಕಾರಿಗಳು ತಮ್ಮ ತಮ್ಮ ಪಾಲು ಹಿಡಿದು ಕೂತರು. ಗೋವಾದಲ್ಲಿದ್ದ ಬಹಾದುರ್ ಗಿಲಾನಿ ಇಡೀ ದಂಡೆಯನ್ನೇ ತನ್ನದಾಗಿಸಿಕೊಂಡು, ಗುಜರಾತಿನ ಹಡಗು ದೋಚಿ, ಮಾಹಿಮ್ ಮೇಲೂ ಬಿದ್ದ. 1494ರಲ್ಲಿ ಅವನು ಸತ್ತರೂ ಕರಾವಳಿ ಬೀದರಿಗೆ ಮರಳಲಿಲ್ಲ. ಚೌಲ್ ಅಹ್ಮದನಗರದ ಪಾಲು, ದಾಭೋಳ ಮತ್ತು ಗೋವಾ ಬಿಜಾಪುರದ ಪಾಲು. ಅವರಿಗೂ ಅದು ಹೆಚ್ಚು ಕಾಲ ದಕ್ಕಲಿಲ್ಲ. 1508ರ ಕೊನೆಯಲ್ಲಿ ಪೋರ್ಚುಗೀಸರು ದಾಭೋಳವನ್ನು ಸುಟ್ಟರು, 1510ರಲ್ಲಿ ಗೋವಾ ಹಿಡಿದರು. ಅಲ್ಲಿಂದ ಮುಂದೆ ದಖನ್ನಿಗೆ ಕುದುರೆ ಬರಬೇಕಾದರೆ ಅವರ ಮರ್ಜಿ ಬೇಕಾಯಿತು.

ಬೀದರಿಗೆ ಉಳಿದದ್ದು ಬರೀದ್ ಷಾಹಿಗಳ ಸಣ್ಣ ರಾಜ್ಯ. ಬೀದರ್ ಇದ್ದಲ್ಲೇ ಇತ್ತು. ಅದಕ್ಕೂ ಕಡಲಿಗೂ ನಡುವೆ ಬೇರೆಯವರ ಗಡಿ ಬಂದು ಕೂತಿತು. ಆ ಕಾಲದಲ್ಲೂ ರಂಗೀನ್ ಮಹಲಿನ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದರು. ಕೋಟೆಗೆ ಹೋದವರೆಲ್ಲ ಅದರ ಹೊಳಪು ನೋಡಿ ಬರುತ್ತಾರೆ. ಬಂದರು ಕಳೆದುಕೊಂಡ ಊರು ಬೇರೆಯವರ ಬಂದರಿನಿಂದ ತರಿಸಿಕೊಂಡ ಚೂರು ಚೂರು ಕಡಲು ಅದು.

ಮುಂದೆ 1619ರಲ್ಲಿ ಬಿಜಾಪುರ, 1657ರಲ್ಲಿ ಔರಂಗಜೇಬ, ಆಮೇಲೆ ಹೈದರಾಬಾದ್ ನಿಜಾಮರು. ಕೊನೆಯ ನಿಜಾಮರ ಕಾಲಕ್ಕೆ ಹೈದರಾಬಾದ್ ಸಂಸ್ಥಾನಕ್ಕೂ ಕಡಲಿರಲಿಲ್ಲ. ಸ್ವತಂತ್ರವಾಗಿ ಉಳಿಯುವ ಆಸೆಯಲ್ಲಿದ್ದ ಅದರ ಆಳುವವರು 1947ರ ಹೊತ್ತಿಗೆ ಗೋವಾ ಬಂದರಿಗಾಗಿ ಪೋರ್ಚುಗೀಸರ ಕಡೆ ಕಣ್ಣು ಹಾಯಿಸಿದ್ದೂ ಉಂಟು. 1948ರಲ್ಲಿ ಸಂಸ್ಥಾನ ಮುಗಿಯಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯ ಸೇರಿ ಅದರ ಉತ್ತರದ ತುದಿಯಾಯಿತು. ರಾಜಧಾನಿಯಾಗಿದ್ದ ಊರು ‘ಗಡಿ ಜಿಲ್ಲೆ’ಯಾಯಿತು. ಪತ್ರಿಕೆಗಳಲ್ಲಿ ಬೀದರ್ ಹೆಸರಿನ ಹಿಂದೆ ಆ ಮಾತು, ಅದರ ಹಿಂದೆ ‘ಹಿಂದುಳಿದ’ ಎಂಬ ಮಾತು ಅಂಟಿಕೊಂಡೇ ಬರುತ್ತದೆ. ಭಾಲ್ಕಿ, ಔರಾದ್ ಕಡೆಯ ಹುಡುಗರೂ ಅದನ್ನೇ ಕೇಳಿ ಬೆಳೆಯುತ್ತಾರೆ: ನಾವು ಎಲ್ಲದರಿಂದ ದೂರ, ಅದು ನಮ್ಮ ಹಣೆಬರಹ.

ಇತಿಹಾಸ ಬೇರೆ ಮಾತು ಹೇಳುತ್ತದೆ. ನಮ್ಮ ಕಾರಂಜಾ ಮಾಂಜ್ರಾ ಸೇರುತ್ತದೆ, ಮಾಂಜ್ರಾ ಗೋದಾವರಿ ಸೇರುತ್ತದೆ. ನಮ್ಮ ನೀರು ಹರಿಯುವುದು ಪೂರ್ವಕ್ಕೆ. ಆದರೂ ನಮ್ಮ ದಾರಿ ಪಶ್ಚಿಮಕ್ಕಿತ್ತು. ದಾಭೋಳದಿಂದ ಬೀದರಿಗೆ, ಕಲಬುರಗಿಗೆ ಒಂದು ತಿಂಗಳ ನಡಿಗೆ ಎಂದು ನಿಕಿತಿನ್ ಬರೆದಿದ್ದಾನೆ. ಇಂದು ಅದೇ ಕಡೆ ರೈಲು ಒಂದು ರಾತ್ರಿಯಲ್ಲಿ ಮುಟ್ಟಿಸುತ್ತದೆ. ದೂರ ಕಡಿಮೆಯಾಗಿದೆ, ದೂರದವರು ಎಂಬ ಹೆಸರು ಹೋಗಿಲ್ಲ. ಹಾಗಾದರೆ ಹಿಂದುಳಿಯುವಿಕೆ ನೆಲದ ಗುಣವಲ್ಲ. ದಾರಿ ಯಾರ ಕೈಯಲ್ಲಿದೆ, ಅದರ ಲಾಭ ಯಾರಿಗೆ ಎಂಬುದರ ಮೇಲೆ ಅದು ನಿಂತಿದೆ.

ಇಲ್ಲಿ ಹೆಮ್ಮೆಯ ಜೊತೆ ಇನ್ನೊಂದು ಮಾತನ್ನೂ ನೆನಪಿಡಬೇಕು. ಅದೇ ನಿಕಿತಿನ್, ಬೀದರಿನ ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುವುದನ್ನು ವರ್ಣಿಸಿದ ಕಡೆಯೇ, ಹಳ್ಳಿಯ ಜನ ಬಹಳ ಬಡವರು ಎಂದೂ ಬರೆದ. ಬಂದರಿನ ಸಂಪತ್ತು ಕೋಟೆಯವರೆಗೆ ಬಂತು. ಕುದುರೆಗೆ ಕಡಲೆ ಬೆಳೆದುಕೊಟ್ಟವನ ಮನೆಗೆ ಬರಲಿಲ್ಲ. ಐದೂವರೆ ಶತಮಾನದ ಮೇಲೂ ಈ ಲೆಕ್ಕ ಪೂರ್ತಿ ಹಳತಾಗಿಲ್ಲ. ಯಾಟ್ ಮೇಲಿನಿಂದ ಹೊಳೆಯುವ ನಗರ ಕಾಣುತ್ತದೆ, ಅದರ ಗೋಡೆ ಕಟ್ಟಲು ಊರು ಬಿಟ್ಟು ಬಂದವರು ಅಷ್ಟು ದೂರದಿಂದ ಕಾಣುವುದಿಲ್ಲ. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದಾರೆ.

ನಿಕಿತಿನ್ ಮರಳುವಾಗ ದಾಭೋಳದಲ್ಲಿ ಎರಡು ಹೊನ್ನು ಕೊಟ್ಟು ಹಡಗು ಹತ್ತಿದ. ಗಾಳಿ ತಪ್ಪಿ ಹಡಗು ಆಫ್ರಿಕಾದ ದಂಡೆ ಸೇರಿತು. ಅಲ್ಲಿನವರು ದೋಚದಿರಲೆಂದು ಅಕ್ಕಿ, ಮೆಣಸು, ರೊಟ್ಟಿ ಕೊಟ್ಟು ಬಚಾವಾದರು. ಕೊನೆಗೂ ಅವನು ಊರು ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ಹತ್ತಿರ ದಾರಿಯಲ್ಲೇ ತೀರಿಕೊಂಡ. ಬರೆದ ಹಾಳೆಗಳು ಮಾತ್ರ ಮಾಸ್ಕೋ ಸೇರಿದವು. ತ್ವೆರ್ ಊರಿನವರು ವೋಲ್ಗಾ ದಂಡೆಯಲ್ಲಿ ಅವನ ಪ್ರತಿಮೆ ನಿಲ್ಲಿಸಿದ್ದಾರೆ. ಚೌಲ್ ಪಕ್ಕದ ರೇವದಂಡಾದಲ್ಲೂ ಅವನ ನೆನಪಿನ ಸ್ತಂಭವಿದೆ.

ನಮ್ಮವರು ಮುಂದಿನ ಸಲ ಮುಂಬೈಗೆ ಹೋದಾಗ ಯಾಟ್ ಬೇಡ, ಮಾಂಡವಾ ಲಾಂಚ್ ಸಾಕು. ಅಲ್ಲಿಂದ ಅಲಿಬಾಗ್ ದಾಟಿ ಬಸ್ಸಿನಲ್ಲಿ ಚೌಲ್‌–ರೇವದಂಡಾಕ್ಕೆ ಹೋಗಬಹುದು. ಹೊಳೆಯ ಬಾಯಿ, ತೆಂಗು–ಅಡಿಕೆ ತೋಟ, ಪೋರ್ಚುಗೀಸರ ಕೋಟೆಯ ಮುರಿದ ಗೋಡೆ ನೋಡಸಿಗುತ್ತವೆ. ಜೊತೆಗೆ ಮಕ್ಕಳಿದ್ದರೆ ಹೇಳಿ: ಇಲ್ಲಿ ಇಳಿದ ಕುದುರೆಗಳು ನಮ್ಮ ಬೀದರಿಗೆ ಹೋಗುತ್ತಿದ್ದವು.