ದೇವಿಗೆರೆಯ ಮೂವರು ದೇವಿಯರು: ಹಾಸನ ಸೀಮೆಯ ಜಲದೇವತಾರಾಧನೆ

ಹಾಸನಾಂಬೆಯ ಐತಿಹ್ಯದಲ್ಲಿ ಸಪ್ತಮಾತೃಕೆಯರು ಮೂರು ಕಡೆ ನೆಲೆಸುತ್ತಾರೆ. ಕಾಶಿಯಿಂದ ದಕ್ಷಿಣಕ್ಕೆ ಬಂದ ಏಳು ಮಂದಿಯಲ್ಲಿ ವೈಷ್ಣವಿ, ಮಾಹೇಶ್ವರಿ, ಕೌಮಾರಿಯರು ಹುತ್ತದ ರೂಪದಲ್ಲಿ ಹಾಸನದ ಗುಡಿಯಲ್ಲಿ ನಿಂತರು. ಬ್ರಾಹ್ಮಿ ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯಲ್ಲಿ ಕೆಂಚಾಂಬೆಯಾದಳು. ವಾರಾಹಿ, ಇಂದ್ರಾಣಿ, ಚಾಮುಂಡಿಯರು ಮಾತ್ರ ಹಾಸನದ ದೇವಿಗೆರೆಯ ನೀರಿಗಿಳಿದರು.

ಹುತ್ತದ ದೇವಿಯರ ಬಾಗಿಲು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ, ಅರಸು ಮನೆತನದವರು ಬಾಳೆಕಂದು ಕಡಿದ ಮೇಲೆ ತೆರೆಯುತ್ತದೆ. ಬಲಿಪಾಡ್ಯಮಿ ಕಳೆದು ಮುಚ್ಚುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲವೆಂದು ಭಕ್ತರು ನಂಬುತ್ತಾರೆ. ಕೀರ್ತಿಯೆಲ್ಲ ಈ ಗುಡಿಗೇ ಸಂದಿದೆ. ಕೆರೆಯ ಮೂವರ ಬಗ್ಗೆ ಐತಿಹ್ಯ ಹೇಳುವುದು ಒಂದೇ ಮಾತು. ಆದರೆ ಸೀಮೆಯ ಆರಾಧನಾ ಇತಿಹಾಸಕ್ಕೆ ಆ ಒಂದು ಮಾತು ಬಹಳ ಮುಖ್ಯವಾದದ್ದು. ದೇವೀಮಾಹಾತ್ಮ್ಯದ ಮಾತೃಕೆಯರು ಶುಂಭ ನಿಶುಂಭರ ವಿರುದ್ಧ ಯುದ್ಧಕ್ಕಿಳಿದವರು. ಅವರಿಗೂ ಕೆರೆಗೂ ಅಲ್ಲಿ ನಂಟಿಲ್ಲ. ಮೂವರನ್ನು ನೀರಿಗಿಳಿಸಿದ್ದು ಈ ನೆಲದ ಜನರೇ. ಕೆರೆಯಲ್ಲಿ ಮೊದಲೇ ಇದ್ದ ಜಲದೇವತೆ ಗಂಗಮ್ಮನ ಮೇಲೆ ಪುರಾಣದ ಹೆಸರುಗಳು ಬಂದು ಕೂತಿವೆ ಎನ್ನುವುದೇ ಹೆಚ್ಚು ಒಪ್ಪುವ ವಿವರಣೆ.

ಗಂಗಮ್ಮನಿಗೆ ಗುಡಿ ಬೇಕೆಂದೇನಿಲ್ಲ. ಬಾಣಂತಿ ಮೊದಲ ಸಲ ನೀರಿಗೆ ಹೋದಾಗ ಗಂಗೆಪೂಜೆ ನಡೆಯುತ್ತದೆ. ಬಾವಿಕಟ್ಟೆಯಲ್ಲೋ ಕೆರೆಯ ದಡದಲ್ಲೋ ಮೂರು ಇಲ್ಲವೇ ಐದು ಬೆಣಚುಕಲ್ಲುಗಳನ್ನು ತೊಳೆದು ಸಾಲಾಗಿ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ವೀಳ್ಯದೆಲೆಯ ಮೇಲೆ ಬಾಳೆಹಣ್ಣು ಇಡುತ್ತಾರೆ. ತುಂಬಿದ ಬಿಂದಿಗೆ ಮನೆಗೆ ಬರುತ್ತದೆ. ಕಲ್ಲುಗಳು ಅಲ್ಲೇ ಉಳಿಯುತ್ತವೆ. ಪೂಜೆ ಮುಗಿದೊಡನೆ ಅವು ಬರೀ ಕಲ್ಲುಗಳು. ಹೀಗಾಗಿ ಈ ದೇವಿಯ ಚರಿತ್ರೆಯನ್ನು ಶಿಲ್ಪದಲ್ಲಿ ಹುಡುಕುವುದಕ್ಕಿಂತ ಹೆಂಗಸರ ಕೈಯ ಆಚರಣೆಯಲ್ಲಿ ಹುಡುಕುವುದು ಸರಿ.

ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಹಾಸನ ಜಿಲ್ಲೆಯ ಶಾಸನಗಳದ್ದು. ಕೆರೆ ಕಟ್ಟಿಸಿದ್ದು, ಕೆರೆಯ ಕೆಳಗಿನ ಗದ್ದೆ ದತ್ತಿ ಬಿಟ್ಟದ್ದು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ದತ್ತಿ ಕೆಡಿಸಿದವರಿಗೆ ಗಂಗೆಯ ತಡಿಯಲ್ಲಿ ಗೋಹತ್ಯೆ ಮಾಡಿದ ಪಾಪ ಎಂಬ ಶಾಪಾಶಯವೂ ಹಳೆಯ ಶಾಸನಗಳಲ್ಲಿ ಸಾಮಾನ್ಯ. ಬಾಣಂತಿಯ ಗಂಗೆ ಮಾತ್ರ ಶಾಸನದ ವಸ್ತುವಲ್ಲ. ನೀರು ಬಾರದ ಕೆರೆಗೆ ಕಿರಿಸೊಸೆಯನ್ನು ಬಲಿಕೊಟ್ಟ ‘ಕೆರೆಗೆ ಹಾರ’ದ ಕಥನಗೀತೆ ಆ ದೇವಿಯ ಉಗ್ರ ಮುಖವನ್ನು ಕಾಪಾಡಿಕೊಂಡಿದೆ. ಆ ಸೊಸೆಯ ಸಂಕಟವನ್ನು ನೆನಪಿನಲ್ಲಿ ಉಳಿಸಿದ ಶ್ರೇಯ ಹಾಡಿದ ಹೆಂಗಸರದು.

ಹೊಳೆಯ ದಡದಲ್ಲಿ ಆರಾಧನೆಯ ಬಗೆ ಬೇರೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಡ ನರಸಿಂಹನ ಕ್ಷೇತ್ರ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಣಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಯಾತ್ರಿಕರು ಪುರಿ ಎರಚಿ ಕೈಮುಗಿಯುತ್ತಾರೆ. ಇಲ್ಲಿ ನೀರಷ್ಟೇ ಅಲ್ಲ, ನೀರಿನ ಜೀವವೂ ದೇವರ ಪಾಲು.

ಚನ್ನರಾಯಪಟ್ಟಣ ಮಳೆ ಕಡಿಮೆಯ ಬಯಲುಸೀಮೆ. ಅಲ್ಲಿ ಕೆರೆಯೇ ಆಧಾರ. ಕೆರೆ ಕೋಡಿ ಬಿದ್ದರೆ ಬಾಗಿನ ಬಿಡುವುದು ಊರಿನ ಹಬ್ಬ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ನಾಲೆಯ ನೀರು ಈ ಕಡೆಗೂ ಬಂತು. ಬಾಗಿನ ಜಲಾಶಯಕ್ಕೂ ಸಲ್ಲತೊಡಗಿತು. ಕೊಳವೆಬಾವಿ ಕೊರೆಸುವವರೂ ಮೊದಲು ಆ ಜಾಗಕ್ಕೆ ಅರಿಸಿನ ಕುಂಕುಮ ಇಟ್ಟು ಕಾಯಿ ಒಡೆಯುತ್ತಾರೆ, ನೀರು ಚಿಮ್ಮಿದರೆ ಗಂಗೆಪೂಜೆ ಮಾಡುತ್ತಾರೆ.