ಗೌತಮಪುರದಲ್ಲಿ ಚೆಂಡು ಕಲಿಸಿದವರು

1891ರಲ್ಲಿ ಮುಂಬಯಿಯಲ್ಲಿ ಶುರುವಾದ ರೋವರ್ಸ್ ಕಪ್ ನಲವತ್ತಕ್ಕೂ ಹೆಚ್ಚು ವರ್ಷ ಬ್ರಿಟಿಷರ ಕೈಯಲ್ಲೇ ಇತ್ತು. ಒಂದಲ್ಲ ಒಂದು ಪಲ್ಟನ್ನು ಬಂದು ಗೆದ್ದು ಎತ್ತಿಕೊಂಡು ಹೋಗುತ್ತಿತ್ತು. 1937ರಲ್ಲಿ ಅದನ್ನು ಅವರಿಂದ ಕಿತ್ತುಕೊಂಡದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. ಫೈನಲ್‌ನಲ್ಲಿ ಎದುರಿಗಿದ್ದದ್ದು ಕಲ್ಕತ್ತಾ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. ಆ ಗೆಲುವಿನ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಗೋಲು ಹೊಡೆದವರ ಮಾತು ಬರುತ್ತಿತ್ತು, ಕಪ್ ಎತ್ತಿದವರ ಮಾತು ಬರುತ್ತಿತ್ತು. ಆ ಹುಡುಗರಿಗೆ ಆಟ ಕಲಿಸಿದವರು ಯಾರು ಅನ್ನುವುದು ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಈಚೆಗೆ ಮಕ್ಕಳ ಫುಟ್‌ಬಾಲ್ ತರಬೇತಿಯ ಆರಂಭಿಕ ಕೋರ್ಸಿಗೆ ಸೇರಿದಾಗ ಈ ಪ್ರಶ್ನೆ ನನಗೆ ಗಟ್ಟಿಯಾಗಿ ಅಂಟಿಕೊಂಡಿತು. ನಾನು ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ, ಹುಟ್ಟಿದ್ದು ಮರ್ಫಿ ಟೌನಿನಲ್ಲಿ. ನಮ್ಮಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದೇ ಎಡಗಾಲಿನ ಆಟದಿಂದ. ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಡುತ್ತಿದ್ದ ಕಾಲ ಅದು.

1809ರಲ್ಲಿ ದಂಡು ಬೆಂಗಳೂರಿಗೆ ಬಂತು. ಫುಟ್‌ಬಾಲ್ ಬಂದದ್ದು ಆಮೇಲೆ, ಸಿಪಾಯಿಗಳ ಜೊತೆಯಲ್ಲೇ. ಗೋರಾ ಸೈನಿಕರು ಮೈದಾನದಲ್ಲಿ ಆಡುವಾಗ ಗೆರೆಯಾಚೆ ನಿಂತು ನೋಡಿದವರು ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಗೌತಮಪುರದ ಹುಡುಗರು: ತಮಿಳು ಮಾತಾಡುವ ಕೂಲಿಕಾರರ ಮಕ್ಕಳು, ದಖನಿ ಮಾತಾಡುವ ಮುಸ್ಲಿಮರ ಮಕ್ಕಳು. ಕಣ್ಣಲ್ಲಿ ಹಿಡಿದದ್ದನ್ನು ತಮ್ಮ ಬೀದಿಗೆ ತಂದು ಬರಿಗಾಲಲ್ಲಿ ಆಡಿದರು.

ಆ ಬರಿಗಾಲು ಎಲ್ಲಿಯವರೆಗೆ ಹೋಯಿತೆಂದರೆ, 1948ರ ಲಂಡನ್ ಒಲಿಂಪಿಕ್ಸ್‌ವರೆಗೆ. ಫ್ರಾನ್ಸ್ ವಿರುದ್ಧ ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಇಳಿದರು. ಎರಡು ಪೆನಾಲ್ಟಿ ಕೈತಪ್ಪಿ 2-1ರಲ್ಲಿ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನಕ್ಕೆ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ 1952ರ ಹೆಲ್ಸಿಂಕಿಯಲ್ಲೂ ಆಡಿದರು. ಯುಗೊಸ್ಲಾವಿಯ ಹತ್ತು ಗೋಲು ಹೊಡೆದ ಆ ಪಂದ್ಯದಲ್ಲಿ ನಮ್ಮ ಏಕೈಕ ಗೋಲು ಅವರದು. ಅದಾದ ಮೇಲೆ ಬೂಟು ಕಡ್ಡಾಯವಾಯಿತು.

ಇವರೆಲ್ಲ ಕಲಿತ ಶಾಲೆ ಗಲ್ಲಿ. ಗೌತಮಪುರವನ್ನು ಇಂದಿಗೂ ಜನ ಮಿನಿ ಬ್ರೆಜಿಲ್ ಅನ್ನುತ್ತಾರೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾರ ಜೊತೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡ ಕೇರಿ ಅದು. ಎರಡು ಇಟ್ಟಿಗೆ ಇಟ್ಟರೆ ಗೋಲು. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ಚರಂಡಿ. ತಂಡಕ್ಕೆ ನಾಲ್ವರೋ ಐವರೋ. ಚೆಂಡು ಚರಂಡಿಗೆ ಬಿದ್ದರೆ ಒದ್ದವನೇ ಕೈ ಹಾಕಿ ತೆಗೆಯಬೇಕು, ಹಾಗಾಗಿ ಚೆಂಡನ್ನು ಕಾಲಿಗೆ ಹತ್ತಿರ ಇಟ್ಟುಕೊಳ್ಳುವುದು ತಾನಾಗಿ ಬರುತ್ತಿತ್ತು. ಗೋಡೆಗೆ ತಾಗಿಸಿ ಎದುರಾಳಿಯ ಆಚೆ ಚೆಂಡು ಪಡೆಯುವುದನ್ನು ಅಪ್ಪ ಎಂಟು ವರ್ಷಕ್ಕೇ ಕಲಿತಿದ್ದರಂತೆ. ಸಂಜೆ ಡ್ಯೂಟಿ ಮುಗಿಸಿ ಬಂದ ಹಳೆಯ ಆಟಗಾರರೊಬ್ಬರು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದರು. ಎಲ್ಲರೂ ಅವರನ್ನು ‘ವಾತಿಯಾರ್’, ಅಂದರೆ ಮೇಷ್ಟ್ರು, ಅನ್ನುತ್ತಿದ್ದರು. ಸೀಟಿ ಇಲ್ಲ, ಹಲಗೆ ಇಲ್ಲ. ‘ತಲೆ ಎತ್ತೋ’ ಅನ್ನುವುದೊಂದೇ ಅವರ ಪಾಠ. ತಲೆ ಎತ್ತದೆ ಓಡಿದವನನ್ನು ಕರೆದು ಪಕ್ಕದಲ್ಲಿ ಕೂರಿಸಿ, ಉಳಿದವರ ಆಟ ತೋರಿಸುತ್ತಿದ್ದರು.

ಹೈದರಾಬಾದಿನಲ್ಲಿ ಇದೇ ಬುದ್ಧಿಯನ್ನು ಒಂದು ಕ್ರಮಕ್ಕೆ ತಂದವರು ಸೈಯದ್ ಅಬ್ದುಲ್ ರಹೀಮ್. ವೃತ್ತಿಯಲ್ಲಿ ಶಾಲಾ ಮಾಸ್ತರು. ಡ್ರಿಬ್ಲಿಂಗ್ ಮಾಡಲೇಬಾರದು ಅನ್ನುವ ಪಂದ್ಯಾವಳಿ, ಬಾರದ ಕಾಲಲ್ಲೇ ಒದೆಯಬೇಕು ಅನ್ನುವ ಪಂದ್ಯಾವಳಿ ಏರ್ಪಡಿಸುತ್ತಿದ್ದರು. ಉಪದೇಶ ಮಾಡದೆ ನಿಯಮ ಬದಲಿಸಿಯೇ ಕಲಿಸುವ ಈ ಜಾಣತನಕ್ಕೆ ನಾನು ಕೈ ಮುಗಿಯುತ್ತೇನೆ. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, ಎಲ್ಲವೂ ಅವರು ಭಾರತ ತಂಡದ ಕೋಚ್ ಆಗಿದ್ದಾಗ ಬಂದವು. ಮೆಲ್ಬರ್ನ್ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು, 1962ರ ಜಕಾರ್ತ ತಂಡದಲ್ಲಿ ನಮ್ಮ ಅರುಮೈನಾಯಗಂ. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತೆರೆದ ಮೇಲೆ ಕೋಚಿಂಗ್ ಅನ್ನುವುದು ಡಿಪ್ಲೊಮಾ ಇರುವ ವೃತ್ತಿಯಾಯಿತು. ಈಗ ಡಿ, ಸಿ, ಬಿ, ಎ ಎಂದು ಲೈಸೆನ್ಸುಗಳ ಮೆಟ್ಟಿಲು.

ಕೆಳಗಿನ ಮೆಟ್ಟಿಲಲ್ಲಿ ನಮಗೆ ಕಲಿಸಿದ್ದು ಏನು? ಬೆಳಿಗ್ಗೆ ತರಗತಿ, ಬಿಸಿಲೇರಿದ ಮೇಲೆ ಮೈದಾನ. ನಮ್ಮನ್ನೇ ಮಕ್ಕಳೆಂದು ಭಾವಿಸಿ ಒಬ್ಬೊಬ್ಬರೂ ಪಾಠ ನಡೆಸಬೇಕು. ಕೋನ್ ಇಟ್ಟು ಸಣ್ಣ ಚೌಕ ಮಾಡಿ, ನಾಲ್ವರಿಗೆ ನಾಲ್ವರು. ದೊಡ್ಡ ಮೈದಾನದಲ್ಲಿ ಹನ್ನೊಂದು ಜನ ಆಡಿದರೆ ಚಿಕ್ಕ ಮಗುವಿಗೆ ಚೆಂಡೇ ಸಿಗುವುದಿಲ್ಲ. ಸಣ್ಣ ಜಾಗದಲ್ಲಾದರೆ ಮತ್ತೆ ಮತ್ತೆ ಸಿಗುತ್ತದೆ, ಪ್ರತಿ ಸಲವೂ ಏನು ಮಾಡಬೇಕೆಂದು ಮಗುವೇ ನಿರ್ಧರಿಸಬೇಕಾಗುತ್ತದೆ. ಹಾಲೆಂಡಿನವರು ನಾಲ್ವರ ಆಟವನ್ನು ಮಕ್ಕಳ ತರಬೇತಿಯ ತಳಹದಿ ಮಾಡಿಕೊಂಡದ್ದೂ ಹೀಗೇ. ಕಾರುಗಳು ತುಂಬಿ ಅಲ್ಲಿನ ಬೀದಿಯಾಟ ಸತ್ತಾಗ, ಅದನ್ನು ಮೈದಾನದೊಳಗೆ ಮತ್ತೆ ಕಟ್ಟಿದರು. ರಿನುಸ್ ಮೈಕೆಲ್ಸ್‌ರಂಥ ದೊಡ್ಡ ಕೋಚ್ ಕೂಡ ಬೀದಿ ಫುಟ್‌ಬಾಲನ್ನೇ ಸಹಜ ಶಾಲೆ ಎಂದು ನಂಬಿದ್ದರು. ಪಾಠ ಕೇಳುತ್ತಾ ನನಗೆ ಹೆಮ್ಮೆಯೆನಿಸಿತು. ಇದು ನಮ್ಮ ಗಲ್ಲಿಯ ವಿದ್ಯೆ.

ಆದರೆ ಗಲ್ಲಿಯನ್ನು ಬರೀ ಹೊಗಳಿದರೆ ಅನ್ಯಾಯವಾದೀತು. ಅಲ್ಲಿ ಜಾಣನಿಗೆ ಮಾತ್ರ ಜಾಗ. ಆಟ ಬಾರದವನು ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿ ಕೊಡುತ್ತಲೇ ದೊಡ್ಡವನಾಗುತ್ತಿದ್ದ. ಹುಡುಗಿಯರು ಬಾಗಿಲಲ್ಲಿ ನಿಂತು ನೋಡಬಹುದಿತ್ತು, ಅಷ್ಟೆ. ಅಪ್ಪನಿಗೆ ಆಟವೇ ಉಸಿರಾದರೂ ನನ್ನನ್ನು ಒಂದು ದಿನವೂ ‘ಬಾ, ಆಡು’ ಎಂದು ಬೀದಿಗೆ ಕರೆಯಲಿಲ್ಲ. ಕೋರ್ಸಿನಲ್ಲಿ ಬೋಧಕರು ಪ್ರತಿ ಪಾಠದ ಕೊನೆಗೂ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಆ ಮೂಲೆಯಲ್ಲಿ ನಿಂತವರಿಗೆ ಚೆಂಡು ಎಷ್ಟು ಸಲ ಸಿಕ್ತು?’ ಮಕ್ಕಳನ್ನು ಸಾಲಿನಲ್ಲಿ ಕಾಯಿಸಬೇಡಿ, ಬೈಯಬೇಡಿ, ತಲೆಗೆ ಪೆಟ್ಟು ಬಿದ್ದ ಮಗುವನ್ನು ಮತ್ತೆ ಆಟಕ್ಕೆ ಇಳಿಸಬೇಡಿ ಎಂದರು. ಇವು ಯಾವ ವಾತಿಯಾರೂ ಹೇಳಿಕೊಡದ ಮಾತುಗಳು. ಕೋರ್ಸಿಗೆ ನಾನು ಋಣಿಯಾಗಿರುವುದು ಇದಕ್ಕಾಗಿ.

2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಗೆಲುವು 54 ವರ್ಷದ ಹಿಂದಿನದು, ಆಗಿನ್ನೂ ರಾಜ್ಯದ ಹೆಸರು ಮೈಸೂರು. ನಡುವಿನ ಅಷ್ಟೂ ವರ್ಷ ಕೇರಿಗಳಲ್ಲಿ ಆಟ ಉಳಿಸಿದವರು ಸಂಬಳವಿಲ್ಲದ ಹಳೆಯ ಆಟಗಾರರು. ಇಂದು ಅಕಾಡೆಮಿಗಳು ಮೊದಲು ಕೇಳುವುದು ಲೈಸೆನ್ಸ್. ಕೋರ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಮೈದಾನದಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ನಡೆಸಿದರು. ಬರೆಯುವಾಗ ಮಾತ್ರ ಅವರ ಪೆನ್ನು ನಿಂತುಹೋಗುತ್ತಿತ್ತು. ಈ ಕೋರ್ಸಿನ ಪುಸ್ತಕ ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ ಬರಬೇಕು. ಪರೀಕ್ಷೆಯನ್ನು ಬಾಯಲ್ಲಿ ಹೇಳಲು ಬಿಡಬೇಕು. ಶುಲ್ಕವನ್ನು ಕಾರ್ಪೊರೇಷನ್ ಕಟ್ಟಲಿ, ತರಗತಿಯನ್ನು ಆಸ್ಟಿನ್ ಟೌನಿನ ಮೈದಾನದಲ್ಲೇ ನಡೆಸಲಿ, ಡ್ಯೂಟಿ ಮುಗಿದ ಮೇಲೆ, ಸಂಜೆ ಹೊತ್ತು.